ಸೇಂಟ್ ಆಂಡ್ರೂಸ್ ಕಡೆಗೋ, ಏರ್‌ಶೈರ್ ಕಡೆಗೋ? ಲಿಂಕ್ಸ್ ಗಾಲ್ಫ್ ಪ್ರವಾಸಕ್ಕೆ ಹೊರಡುವ ಮೊದಲು

2027ರ ಜುಲೈನಲ್ಲಿ ದಿ ಓಪನ್ ಗಾಲ್ಫ್ ಪಂದ್ಯಾವಳಿ ಮತ್ತೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿಗೆ ಬರುತ್ತಿದೆ. ಟಿವಿಯಲ್ಲಿ ಆ ಊರು, ಆ ಒಣ ಹುಲ್ಲು, ಹಳ್ಳದ ಮೇಲಿನ ಆ ಪುಟ್ಟ ಕಲ್ಲಿನ ಸೇತುವೆ ಕಂಡಾಗ ಗಾಲ್ಫ್ ಆಡುವವರಿಗೆಲ್ಲ ಒಂದೇ ಆಸೆ: ಒಮ್ಮೆಯಾದರೂ ಅಲ್ಲಿ ಹೋಗಿ ಆಡಬೇಕು. ಆಸೆಯೇನೋ ಸುಲಭವಾಗಿ ಹುಟ್ಟುತ್ತದೆ. ದಿನ ಲೆಕ್ಕ ಹಾಕಲು ಕೂತಾಗ ಗೊಂದಲ ಶುರುವಾಗುತ್ತದೆ.

ಯಾಕೆಂದರೆ ಸ್ಕಾಟ್ಲೆಂಡಿನಲ್ಲಿ ಹೆಸರುವಾಸಿ ಕಡಲತೀರದ ಕೋರ್ಸ್‌ಗಳು, ಅಂದರೆ ಗಾಲ್ಫ್ ಆಡುವ ಮೈದಾನಗಳು, ಒಂದೇ ಕಡೆ ಇಲ್ಲ. ಪೂರ್ವದ ದಂಡೆಯಲ್ಲಿ ಸೇಂಟ್ ಆಂಡ್ರೂಸ್ ಇರುವ ಫೈಫ್ ಸೀಮೆ. ಪಶ್ಚಿಮದ ದಂಡೆಯಲ್ಲಿ ಪ್ರೆಸ್ಟ್‌ವಿಕ್, ಟ್ರೂನ್, ಟರ್ನ್‌ಬೆರಿ ಇರುವ ಏರ್‌ಶೈರ್. ನಡುವೆ ಕಾರಿನಲ್ಲಿ ಎರಡೂವರೆ ಗಂಟೆಯ ಆಸುಪಾಸು ದಾರಿ. ನಾಲ್ಕೈದು ದಿನದ ಪ್ರವಾಸದಲ್ಲಿ ಎರಡನ್ನೂ ಹಿಡಿಯಲು ಹೋದರೆ ಆಟಕ್ಕಿಂತ ಓಡಾಟವೇ ಜಾಸ್ತಿ ಆಗುತ್ತದೆ. ಒಂದನ್ನು ಆರಿಸಿಕೊಳ್ಳಬೇಕು. ಹೆಸರು ನೋಡಿ ಆರಿಸಿದರೆ ಎಲ್ಲರೂ ಸೇಂಟ್ ಆಂಡ್ರೂಸ್ ಅಂತಾರೆ. ಆದರೆ ಅಲ್ಲಿ ಆಡಲು ಸಿಗುವುದು ಹೇಗೆ ಅನ್ನುವುದು ಗೊತ್ತಾದ ಮೇಲೆ ಕೆಲವರ ಮನಸ್ಸು ಬದಲಾಗಬಹುದು. ಹಾಗಾಗಿ ಬುಡದಿಂದಲೇ ನೋಡೋಣ.

## ಲಿಂಕ್ಸ್ ಅಂದರೆ ಏನು?

ಎಲ್ಲ ಗಾಲ್ಫ್ ಕೋರ್ಸ್ ಲಿಂಕ್ಸ್ ಅಲ್ಲ. ಸಮುದ್ರ ಕಾಣುವ ಕೋರ್ಸ್‌ಗಳೆಲ್ಲವೂ ಲಿಂಕ್ಸ್ ಅಲ್ಲ. ಸಮುದ್ರದ ದಂಡೆಗೂ ಒಳಗಿನ ಹೊಲಗಳಿಗೂ ನಡುವೆ ಒಂದು ಪಟ್ಟಿ ಜಾಗ ಇರುತ್ತದೆ. ಮರಳು ದಿಬ್ಬ, ತಗ್ಗು, ತೆಳ್ಳನೆ ಹುಲ್ಲು, ಅಲ್ಲಲ್ಲಿ ಹಳದಿ ಹೂವಿನ ಮುಳ್ಳುಪೊದೆ. ಬೆಳೆ ತೆಗೆಯಲು ಬಾರದ ಈ ನೆಲಕ್ಕೆ ಸ್ಕಾಟರು ಲಿಂಕ್ಸ್ ಅಂದರು. ದಿಬ್ಬ ಅನ್ನುವ ಅರ್ಥದ ಹಳೆಯ ಪದದಿಂದ ಬಂದ ಹೆಸರು ಅದು.

ಈ ನೆಲ ಹುಟ್ಟಿದ ಕತೆ ಸೊಗಸಾಗಿದೆ. ಹಿಮಯುಗದಲ್ಲಿ ಸ್ಕಾಟ್ಲೆಂಡಿನ ಮೇಲೆ ದಪ್ಪ ಹಿಮದ ಹೊರೆ ಕೂತಿತ್ತು. ಹಿಮ ಕರಗಿದ ಮೇಲೆ ಭಾರ ಇಳಿದು ನೆಲ ನಿಧಾನವಾಗಿ ಮೇಲೆದ್ದಿತು. ಸ್ಪಂಜಿನ ಹಾಸಿಗೆಯ ಮೇಲಿಂದ ನಾವು ಎದ್ದಾಗ ಕುಗ್ಗಿದ ಜಾಗ ಮೆಲ್ಲಗೆ ಉಬ್ಬುತ್ತದಲ್ಲ, ಹಾಗೆ. ಹಳೆಯ ಕಡಲತೀರ ನೀರಿನಿಂದ ಮೇಲೆ ಬಂತು. ಗಾಳಿ ಅದರ ಮೇಲೆ ಮರಳು ತಂದು ಸುರಿಯಿತು. ಹುಲ್ಲು ಬೇರು ಬಿಟ್ಟು ಆ ಮರಳನ್ನು ಹಿಡಿದಿಟ್ಟಿತು. ಮೊಲ, ಕುರಿ ಮೇದು ಮೇದು ಹುಲ್ಲನ್ನು ಗಿಡ್ಡವಾಗಿಟ್ಟವು. ಯಂತ್ರ ಇಲ್ಲದ ಕಾಲದಲ್ಲಿ ಚೆಂಡು ಉರುಳಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ಮರಳು ನೆಲದಲ್ಲಿ ನೀರು ನಿಲ್ಲುವುದಿಲ್ಲ. ಜರಡಿಗೆ ಹೊಯ್ದ ಹಾಗೆ ಇಳಿದುಹೋಗುತ್ತದೆ. ಅದಕ್ಕೇ ನೆಲ ಗಟ್ಟಿ. ಫೆಸ್ಕ್ಯೂ ಅನ್ನುವ ಸೂಜಿಯಂಥ ಹುಲ್ಲು ಕಡಿಮೆ ನೀರು, ಕಡಿಮೆ ಗೊಬ್ಬರದಲ್ಲೇ ಬದುಕುತ್ತದೆ. ಮರಗಳಿಲ್ಲ, ಹಾಗಾಗಿ ಗಾಳಿಗೆ ತಡೆ ಇಲ್ಲ. ಲಿಂಕ್ಸ್ ಅನ್ನುವುದು ಮುಖ್ಯವಾಗಿ ಈ ಮೂರರ ಆಟ: ಗಟ್ಟಿ ನೆಲ, ಗಿಡ್ಡ ಹುಲ್ಲು, ಬಿಡದ ಗಾಳಿ.

## ಆಟ ಎಲ್ಲಿ ಬದಲಾಗುತ್ತದೆ?

ಗಾಲ್ಫ್ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಮೊದಲ ಹೊಡೆತ ಹೊಡೆಯುವ ಜಾಗ ಟೀ. ಚೆಂಡು ಬೀಳುವ ಕೂದಲು ಕತ್ತರಿಸಿದಂಥ ಹುಲ್ಲು ಫೇರ್‌ವೇ. ಕೊನೆಗೆ ತೂತು ಇರುವ ನುಣ್ಣನೆ ಜಾಗ ಗ್ರೀನ್. ಟೀಯಿಂದ ತೂತಿನವರೆಗಿನ ಒಂದು ಪೂರ್ತಿ ಓಟಕ್ಕೆ ಹೋಲ್ ಅನ್ನುತ್ತಾರೆ. ಸಾಮಾನ್ಯವಾಗಿ 18 ಹೋಲ್ ಮುಗಿದರೆ ಒಂದು ಸುತ್ತು. ಒಂದು ಹೋಲನ್ನು ಚೆನ್ನಾಗಿ ಆಡುವವರು ಎಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ಲೆಕ್ಕವೇ ಪಾರ್. ಹ್ಯಾಂಡಿಕ್ಯಾಪ್ ಅಂದರೆ ಆಟಗಾರ ಪಾರ್‌ಗಿಂತ ಸುಮಾರು ಎಷ್ಟು ಹೊಡೆತ ಹೆಚ್ಚು ತೆಗೆದುಕೊಳ್ಳಬಹುದು ಅಂತ ತೋರಿಸುವ ಸಂಖ್ಯೆ. ಅದು ಕಡಿಮೆ ಇದ್ದಷ್ಟೂ ಆಟಗಾರ ಗಟ್ಟಿ.

ನೀರು ಹಾಕಿ ಬೆಳೆಸಿದ ಮೆತ್ತನೆ ಕೋರ್ಸ್‌ನಲ್ಲಿ ಚೆಂಡು ಮೇಲಿಂದ ಬಿದ್ದರೆ ಅಲ್ಲೇ ಕೂರುತ್ತದೆ. ಕಂಬಳಿ ಮೇಲೆ ಬಿದ್ದ ಗೋಲಿಯ ಹಾಗೆ. ಲಿಂಕ್ಸ್‌ನಲ್ಲಿ ಅದೇ ಗೋಲಿ ಸಿಮೆಂಟ್ ನೆಲದ ಮೇಲೆ ಬಿದ್ದಂತೆ. ಪುಟಿಯುತ್ತದೆ, ಓಡುತ್ತದೆ, ಸಣ್ಣ ಇಳಿಜಾರು ಸಿಕ್ಕರೂ ಪಕ್ಕಕ್ಕೆ ತಿರುಗುತ್ತದೆ. ಅದಕ್ಕೆ ಅಲ್ಲಿ ಬಲ್ಲವರು ಚೆಂಡನ್ನು ಎತ್ತರಕ್ಕೆ ಹಾರಿಸುವುದಿಲ್ಲ. ಗ್ರೀನ್‌ಗೆ 20–30 ಗಜ ಮೊದಲೇ ಬೀಳಿಸಿ ಉರುಳಲು ಬಿಡುತ್ತಾರೆ. ಚೆಂಡನ್ನು ನೆಲದ ಮೇಲೆ ಉರುಳಿಸುವ ಕೋಲಿಗೆ ಪಟರ್ ಅನ್ನುತ್ತಾರೆ; ಗ್ರೀನ್‌ನ ಹೊರಗಿನಿಂದಲೇ ಅದನ್ನು ಹಿಡಿಯುವವರೂ ಬಹಳ ಜನ. ಹೊಸಬರಿಗೆ ಇದು ಬಿಡುಗಡೆ ಅಂತಲೇ ನನಗೆ ಅನ್ನಿಸುತ್ತದೆ. ಶಕ್ತಿ ಕಡಿಮೆ ಇದ್ದರೂ ನೆಲವೇ ನಿಮ್ಮ ಚೆಂಡನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ.

ಗಾಳಿಯ ಮಾತು ಬೇರೆ. ಸೈಕಲ್ ತುಳಿದವರಿಗೆ ಇದು ಗೊತ್ತು. ಹಿಂದಿನಿಂದ ಗಾಳಿ ಬೀಸುವಾಗ ನಾವೇ ಶೂರರು ಅನ್ನಿಸುತ್ತದೆ, ವಾಪಸ್ ಬರುವಾಗ ಕಾಲು ಕೇಳುವುದಿಲ್ಲ. ಹಳೆಯ ಲಿಂಕ್ಸ್ ಕೋರ್ಸ್‌ಗಳು ಹೀಗೇ ಇವೆ. ದಂಡೆಯ ಉದ್ದಕ್ಕೂ ಹೆಚ್ಚುಕಡಿಮೆ ಒಂಬತ್ತು ಹೋಲ್ ಹೋಗುವುದು, ಒಂಬತ್ತು ಹೋಲ್ ವಾಪಸ್ ಬರುವುದು. ರಾಯಲ್ ಟ್ರೂನ್‌ನಲ್ಲಿ ಮಾಮೂಲಿ ಗಾಳಿ ಇದ್ದ ದಿನ ಮೊದಲ ಅರ್ಧ ಹಗುರ. ಎರಡನೇ ಅರ್ಧದಲ್ಲಿ ಎದುರುಗಾಳಿ. ಸ್ಕೋರ್ ಉಳಿಯುವುದೋ ಕರಗುವುದೋ ಅಲ್ಲೇ ತೀರ್ಮಾನ ಆಗುತ್ತದೆ.

ಇನ್ನೊಂದು ಸಂಗತಿ ಬಂಕರ್. ಲಿಂಕ್ಸ್‌ನ ಮರಳು ಗುಂಡಿಗಳು ಅಗಲ ಕಡಿಮೆ, ಆಳ ಜಾಸ್ತಿ. ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆ ಹಾಗೆ ಒಂದರ ಮೇಲೊಂದು ಜೋಡಿಸಿ ಗೋಡೆ ಕಟ್ಟಿರುತ್ತಾರೆ. ಸಣ್ಣ ಬಾವಿಯೊಳಗೆ ಇಳಿದಂತೆ. ಮುಂದಕ್ಕೆ ಹೊಡೆಯಲು ಆಗದೆ ಹಿಂದಕ್ಕೆ ಹೊಡೆದು ಹೊರಬರುವುದು ಅಲ್ಲಿ ನಾಚಿಕೆಯ ವಿಷಯ ಅಲ್ಲ.

## ಎರಡು ದಂಡೆಯನ್ನೂ ಬಲ್ಲ ಒಬ್ಬ ಮನುಷ್ಯ

ಈ ಎರಡು ಸೀಮೆಗಳ ಸಂಬಂಧ ಹಳೆಯದು. ಸೇಂಟ್ ಆಂಡ್ರೂಸ್‌ನಲ್ಲಿ 1821ರಲ್ಲಿ ಹುಟ್ಟಿದ ಟಾಮ್ ಮಾರಿಸ್ ಅಲ್ಲಿ ಗಾಲ್ಫ್ ಚೆಂಡು ಮಾಡುವ ಕೆಲಸ ಕಲಿತರು. ಆಗ ಚೆಂಡು ಅಂದರೆ ಚರ್ಮದ ಚೀಲದೊಳಗೆ ಗರಿ ತುಂಬಿದ್ದು. ಗಟ್ಟಾ ಪರ್ಚಾ ಅನ್ನುವ ಮರದ ಅಂಟಿನಿಂದ ಮಾಡಿದ ಅಗ್ಗದ ಚೆಂಡು ಬಂದಾಗ ಅವರಿಗೂ ಯಜಮಾನರಿಗೂ ಜಗಳ ಆಯಿತು. 1851ರಲ್ಲಿ ಅವರು ಪಶ್ಚಿಮಕ್ಕೆ, ಪ್ರೆಸ್ಟ್‌ವಿಕ್‌ಗೆ ಹೋದರು. ಅಲ್ಲಿ 12 ಹೋಲಿನ ಕೋರ್ಸ್ ಹಾಕಿದರು.

1860ರ ಅಕ್ಟೋಬರ್ 17ರಂದು ಆ ಕೋರ್ಸ್‌ನಲ್ಲೇ ಎಂಟು ಜನ ಸೇರಿ ಒಂದೇ ದಿನ ಮೂರು ಸುತ್ತು ಆಡಿದರು. ಅದೇ ಮೊದಲ ಓಪನ್. ವಿಲ್ಲಿ ಪಾರ್ಕ್ ಗೆದ್ದರು, ಟಾಮ್ ಎರಡನೆಯವರಾದರು. ಬಹುಮಾನವಾಗಿ ಕೊಟ್ಟದ್ದು ಕಪ್ ಅಲ್ಲ, ಕೆಂಪು ಚರ್ಮದ ಸೊಂಟಪಟ್ಟಿ. ಕೆಲವು ವರ್ಷಗಳ ನಂತರ ಟಾಮ್ ಹುಟ್ಟೂರಿಗೆ ಮರಳಿ ಅಲ್ಲಿನ ಹೆಸರಾಂತ ಕೋರ್ಸ್ ಆದ ಓಲ್ಡ್ ಕೋರ್ಸ್ ನೋಡಿಕೊಳ್ಳುವ ಕೆಲಸ ಹಿಡಿದರು. ಅವರ ಮಗ 1868, 1869, 1870ರಲ್ಲಿ ಸಾಲಾಗಿ ಗೆದ್ದು ಆ ಸೊಂಟಪಟ್ಟಿಯನ್ನು ಶಾಶ್ವತವಾಗಿ ತನ್ನದಾಗಿಸಿಕೊಂಡ. ಮರುವರ್ಷ ಕೊಡಲು ಬಹುಮಾನವೇ ಇಲ್ಲದೆ ಓಪನ್ ನಡೆಯಲಿಲ್ಲ.

ಗಾಲ್ಫಿನ ಹಳೆಯ ಕತೆಯ ಅರ್ಧ ಪೂರ್ವದಲ್ಲಿದೆ, ಅರ್ಧ ಪಶ್ಚಿಮದಲ್ಲಿದೆ. ಇತಿಹಾಸ ನೋಡಿ ಆರಿಸುತ್ತೇನೆ ಅನ್ನುವವರಿಗೆ ಇದರಿಂದ ಉತ್ತರ ಸಿಗುವುದಿಲ್ಲ. ಓಪನ್ ನಡೆದ ಲೆಕ್ಕದಲ್ಲಿ ಸೇಂಟ್ ಆಂಡ್ರೂಸ್ 30 ಸಲದೊಂದಿಗೆ ಮೊದಲು, ಪ್ರೆಸ್ಟ್‌ವಿಕ್ 24 ಸಲದೊಂದಿಗೆ ಎರಡನೆಯದು. ಪ್ರೆಸ್ಟ್‌ವಿಕ್‌ನಲ್ಲಿ ಕೊನೆಯ ಓಪನ್ ನಡೆದದ್ದು 1925ರಲ್ಲಿ ಅನ್ನುವುದು ಮಾತ್ರ ನೆನಪಿರಲಿ.

## ಫೈಫ್: ಊರಿನ ಗೋಮಾಳದಲ್ಲಿ ಆಟ

ಸೇಂಟ್ ಆಂಡ್ರೂಸ್ ಅರ್ಥ ಆಗಬೇಕಾದರೆ ಗೋಮಾಳ ಅನ್ನುವ ಪದ ನೆನೆಯಿರಿ. ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ. ಊರಿನವರ ಜಾಗ. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಒಂದು ಪತ್ರ ಬರೆದುಕೊಟ್ಟರು. ತಾವು ಅಲ್ಲಿ ಮೊಲ ಸಾಕಬಹುದು, ಜನ ಅಲ್ಲಿ ಗಾಲ್ಫ್ ಆಡಬಹುದು ಅನ್ನುವ ಒಪ್ಪಂದ ಅದು. ಈಗ ಅದನ್ನು ನಡೆಸುವುದು 1974ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್. ಅದರ ಕೈಯಲ್ಲಿ ಒಟ್ಟು ಏಳು ಕೋರ್ಸ್ ಇವೆ: ಓಲ್ಡ್, ನ್ಯೂ, ಜೂಬಿಲಿ, ಈಡನ್, ಸ್ಟ್ರಾತ್‌ಟೈರಮ್, ಒಂಬತ್ತು ಹೋಲಿನ ಬಾಲ್ಗೋವ್, ಊರಿಂದ ಸ್ವಲ್ಪ ಆಚೆ ಬಂಡೆಯ ಮೇಲಿನ ಕಾಸಲ್. ಹೆಸರು ನೋಡಿ ಮೋಸ ಹೋಗಬೇಡಿ. ನ್ಯೂ ಕೋರ್ಸ್ ಶುರುವಾದದ್ದು 1895ರಲ್ಲಿ.

ಓಲ್ಡ್ ಕೋರ್ಸ್‌ನ ಮೊದಲ ಮತ್ತು ಕೊನೆಯ ಹೋಲ್‌ಗಳಿಗೆ ಒಂದೇ ಅಗಲವಾದ ಹುಲ್ಲುಗಾವಲು. ಅದನ್ನು ಅಡ್ಡಡ್ಡ ಸೀಳಿಕೊಂಡು ಗ್ರಾನಿ ಕ್ಲಾರ್ಕ್ಸ್ ವಿಂಡ್ ಅನ್ನುವ ಸಣ್ಣ ದಾರಿ ಸಮುದ್ರದ ಕಡೆಗೆ ಹೋಗುತ್ತದೆ. ಸಾರ್ವಜನಿಕ ದಾರಿ. ಟೀಯಲ್ಲಿ ಆಟಗಾರ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ಎದುರಿಗೆ ಮಗುವಿನ ತಳ್ಳುಗಾಡಿ ದಾಟುತ್ತಿರುತ್ತದೆ, ಹಿಂದೆ ನಾಯಿ. ಅವರು ದಾಟುವವರೆಗೆ ಕಾಯಬೇಕು. ಭಾನುವಾರವಂತೂ ಆಟವೇ ಇಲ್ಲ. ಓಲ್ಡ್ ಕೋರ್ಸ್‌ಗೆ ರಜೆ. ಅವತ್ತು ಊರಿನವರು ಫೇರ್‌ವೇ ಮೇಲೆ ನಡೆದಾಡುತ್ತಾರೆ.

ಗ್ರೀನ್‌ಗಳೂ ವಿಚಿತ್ರ. 18 ಹೋಲ್‌ಗಳಲ್ಲಿ 14 ಹೋಲ್‌ಗಳು ಏಳು ದೊಡ್ಡ ಗ್ರೀನ್‌ಗಳನ್ನು ಹಂಚಿಕೊಂಡಿವೆ. ಹೋಗುವವರಿಗೂ ಬರುವವರಿಗೂ ಒಂದೇ ಅಂಗಳ, ಎರಡು ತೂತು. ಜೋಡಿಯ ಸಂಖ್ಯೆ ಕೂಡಿಸಿದರೆ ಯಾವಾಗಲೂ 18: ಎರಡನೆಯದರ ಜೋಡಿ ಹದಿನಾರು, ಮೂರನೆಯದರ ಜೋಡಿ ಹದಿನೈದು, ಹೀಗೆ. ತಪ್ಪು ಕಡೆ ಬಿದ್ದರೆ ತೂತಿನವರೆಗೆ ಬಹಳ ದೂರ ಉರುಳಿಸಬೇಕು.

ಈಗ ಮುಖ್ಯ ಪ್ರಶ್ನೆ. ಇಲ್ಲಿ ಆಡಲು ಸಿಗುವುದು ಹೇಗೆ?

## ಬ್ಯಾಲೆಟ್ ಅನ್ನುವ ಚೀಟಿ ಎತ್ತುವಿಕೆ

ಓಲ್ಡ್ ಕೋರ್ಸ್‌ನ ಸುಮಾರು ಅರ್ಧದಷ್ಟು ಟೀ ಸಮಯಗಳು ಬ್ಯಾಲೆಟ್‌ನಲ್ಲಿ ಹೋಗುತ್ತವೆ. ಟೀ ಸಮಯ ಅಂದರೆ ನಿಮ್ಮ ಗುಂಪು ಆಟ ಶುರು ಮಾಡಬೇಕಾದ ನಿಗದಿ ಗಳಿಗೆ. ಬ್ಯಾಲೆಟ್ ಅಂದರೆ ದಿನಾ ನಡೆಯುವ ಲಾಟರಿ. ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರು ಸೇರಿ ಹೆಸರು ಕೊಡಬೇಕು. ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು ಮಧ್ಯಾಹ್ನ 2 ಗಂಟೆಯೊಳಗೆ. ಗುರುವಾರ ಆಡಬೇಕಾ? ಮಂಗಳವಾರ ಮಧ್ಯಾಹ್ನದೊಳಗೆ ಹೆಸರು ಹೋಗಿರಬೇಕು. ಅದೇ ದಿನ ಸಂಜೆ ಫಲಿತಾಂಶ ಬರುತ್ತದೆ. ಹೆಸರು ಕೊಡಲು ದುಡ್ಡಿಲ್ಲ. ಸಿಕ್ಕರೆ ಮಾತ್ರ ಶುಲ್ಕ. ಹ್ಯಾಂಡಿಕ್ಯಾಪ್‌ಗೆ ದಾಖಲೆ ತೋರಿಸಬೇಕು, ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಒಬ್ಬರೇ ಹೋದವರಿಗೆ ಬೇರೆ ದಾರಿ. ಮೊದಲು ಇಂಥವರು ನಡುರಾತ್ರಿಯಿಂದ ಚಳಿಯಲ್ಲಿ ಸಾಲು ನಿಲ್ಲುತ್ತಿದ್ದರು. 2024ರಿಂದ ಅದಕ್ಕೂ ಲಾಟರಿ ಬಂತು. ಆಡುವ ಹಿಂದಿನ ದಿನ ಖುದ್ದಾಗಿ ಅಲ್ಲಿ ಹೋಗಿ ಹೆಸರು ಕೊಟ್ಟರೆ, ಎಲ್ಲಾದರೂ ನಾಲ್ವರಿಗಿಂತ ಕಡಿಮೆ ಜನರ ಗುಂಪಿನಲ್ಲಿ ಜಾಗ ಖಾಲಿ ಇದ್ದಾಗ ನಿಮ್ಮನ್ನು ಸೇರಿಸುತ್ತಾರೆ.

ಇದಲ್ಲದೆ ಹಿಂದಿನ ವರ್ಷವೇ ಅರ್ಜಿ ಹಾಕಿ ಮುಂಗಡ ಕಾದಿರಿಸುವ ಪದ್ಧತಿ ಇದೆ. ಅಧಿಕೃತ ಪ್ರವಾಸ ಸಂಸ್ಥೆಗಳ ಪ್ಯಾಕೇಜ್ ಕೊಂಡರೆ ಟೀ ಸಮಯ ಖಾತ್ರಿ, ಆದರೆ ವಸತಿ ಅದು ಇದು ಸೇರಿ ಖರ್ಚು ಬಹಳ ಏರುತ್ತದೆ.

ಪ್ರವಾಸದ ಇಡೀ ಲೆಕ್ಕ ಈ ಬ್ಯಾಲೆಟ್ ಮೇಲೆ ನಿಲ್ಲುತ್ತದೆ. ಫೈಫ್‌ನಲ್ಲಿ ಎರಡೇ ದಿನ ಇದ್ದರೆ ಒಂದೆರಡು ಸಲ ಮಾತ್ರ ಅದೃಷ್ಟ ನೋಡಬಹುದು. ಆರು ದಿನ ಇದ್ದು, ಪ್ರತಿದಿನ ಹೆಸರು ಕೊಟ್ಟು, ಸಿಕ್ಕ ತಕ್ಷಣ ಬೇರೆ ಕಾರ್ಯಕ್ರಮ ಬದಲಿಸಲು ತಯಾರಿದ್ದರೆ ಅವಕಾಶ ಹೆಚ್ಚು. ಹಾಗಂತ ಉಳಿದ ದಿನಗಳನ್ನು ಪೂರ್ತಿ ಖಾಲಿ ಬಿಡುವ ಹಾಗೂ ಇಲ್ಲ. ಅಕ್ಕಪಕ್ಕದಲ್ಲೇ ಇರುವ ಕೋರ್ಸ್‌ಗಳನ್ನು ಕಾದಿರಿಸಿ, ಬ್ಯಾಲೆಟ್ ಸಿಕ್ಕರೆ ರದ್ದು ಮಾಡಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳುವುದು ಜಾಣತನ.

ಪಕ್ಕದ ಕೋರ್ಸ್‌ಗಳು ಕಡಿಮೆಯವೇನಲ್ಲ. ಮೂಲೆಯ ಮೀನುಗಾರರ ಊರು ಕ್ರೇಲ್‌ನಲ್ಲಿ 1786ರ ಗಾಲ್ಫ್ ಸೊಸೈಟಿ ಇದೆ. ಕಿಂಗ್ಸ್‌ಬಾರ್ನ್ಸ್ 2000ದಲ್ಲಿ ತೆರೆದದ್ದು, ಡಂಬಾರ್ನಿ 2020ರಲ್ಲಿ. ಲಂಡಿನ್ ಮತ್ತು ಲೆವೆನ್ ಒಂದರ ಬೆನ್ನಿಗೆ ಇನ್ನೊಂದು ಇವೆ. ನನ್ನ ಮನಸ್ಸಿಗೆ ಹತ್ತಿರವಾದದ್ದು ಈಲಿ. ಅಲ್ಲಿ ಮೊದಲ ಟೀ ಎದುರಿಗೇ ಒಂದು ಗುಡ್ಡ. ಮುಂದೆ ಆಡುತ್ತಿರುವವರು ಕಾಣುವುದಿಲ್ಲ. ಅದಕ್ಕೆ ಆಟ ಶುರು ಮಾಡಿಸುವ ಸ್ಟಾರ್ಟರ್ ಕೂರುವ ಗುಡಿಸಿಲಿನಲ್ಲಿ ಜಲಾಂತರ್ಗಾಮಿಯಿಂದ ತೆಗೆದ ಪೆರಿಸ್ಕೋಪ್ ನೆಟ್ಟಿದ್ದಾರೆ. ಹಡಗಿನ ಹೆಸರು ಎಕ್ಸ್‌ಕ್ಯಾಲಿಬರ್. ಅದರ ಕಣ್ಣಿಗೆ ಕಣ್ಣಿಟ್ಟು ಗುಡ್ಡದಾಚೆ ದಾರಿ ಖಾಲಿ ಇದೆಯಾ ಅಂತ ನೋಡಿ ಆಮೇಲೆ ಹೊಡೆಯಲು ಹೇಳುತ್ತಾರೆ.

## ಏರ್‌ಶೈರ್: ರೈಲು ಹಳಿಗೆ ಪೋಣಿಸಿದ ಕೋರ್ಸ್‌ಗಳು

ಪಶ್ಚಿಮದಲ್ಲಿ ಚಿತ್ರವೇ ಬೇರೆ. ಗ್ಲ್ಯಾಸ್ಗೋ ಸೆಂಟ್ರಲ್‌ನಿಂದ ಏರ್ ಊರಿಗೆ ಹೋಗುವ ರೈಲು ಹತ್ತಿ ಎಡಬಲ ನೋಡುತ್ತಾ ಕೂತರೆ ಸಾಕು. ಅರ್ವಿನ್ ದಾಟುತ್ತಿದ್ದಂತೆ ಗ್ಲ್ಯಾಸ್ಗೋ ಗೇಲ್ಸ್, ವೆಸ್ಟರ್ನ್ ಗೇಲ್ಸ್, ಡಂಡಾನಲ್ಡ್, ಬರಾಸಿ, ಟ್ರೂನ್, ಪ್ರೆಸ್ಟ್‌ವಿಕ್ ಹೀಗೆ ಒಂದಾದ ಮೇಲೊಂದು. ವೆಸ್ಟರ್ನ್ ಗೇಲ್ಸ್ ಅಂತೂ ಒಂದು ಕಡೆ ಹಳಿ, ಇನ್ನೊಂದು ಕಡೆ ಸಮುದ್ರ, ನಡುವಿನ ಸಣ್ಣ ಪಟ್ಟಿಯಲ್ಲೇ ಇದೆ. ಗ್ಲ್ಯಾಸ್ಗೋದಿಂದ ಪ್ರೆಸ್ಟ್‌ವಿಕ್‌ಗೆ ಮುಕ್ಕಾಲು ಗಂಟೆಯ ಆಸುಪಾಸು. ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ ಕೋರ್ಸ್. ಮೊದಲ ಹೋಲಿನ ಹೆಸರೇ ರೈಲ್ವೇ. ಬಲಗಡೆ ಉದ್ದಕ್ಕೂ ಕಲ್ಲಿನ ಗೋಡೆ, ಗೋಡೆಯಾಚೆ ಹಳಿ. ಚೆಂಡು ಸ್ವಲ್ಪ ಬಲಕ್ಕೆ ವಾಲಿದರೆ ರೈಲಿನ ಪಾಲು.

ಪ್ರೆಸ್ಟ್‌ವಿಕ್‌ನಲ್ಲಿ ಕುರುಡು ಹೊಡೆತಗಳು ಹೆಚ್ಚು. ಗುರಿ ಕಾಣದೆ ನಂಬಿಕೆಯ ಮೇಲೆ ಹೊಡೆಯುವುದಕ್ಕೆ ಹಾಗೆನ್ನುತ್ತಾರೆ. 17ನೆಯ ಹೋಲಿನ ಹೆಸರು ಆಲ್ಪ್ಸ್. ಎರಡನೇ ಹೊಡೆತಕ್ಕೆ ದೊಡ್ಡ ಮರಳು ದಿಬ್ಬ ಅಡ್ಡ ಬರುತ್ತದೆ, ಗ್ರೀನ್ ಅದರಾಚೆ. ದಿಬ್ಬ ಹತ್ತಿ ಇಳಿದರೆ ಗ್ರೀನ್‌ಗೆ ಮುಂಚೆ ಇನ್ನೊಂದು ದೊಡ್ಡ ಬಂಕರ್ ಬಾಯಿ ತೆರೆದು ಕೂತಿರುತ್ತದೆ. ಆಟ ಮುಗಿಸಿ ಹೊರಡುವಾಗ ಪಕ್ಕದ ಗಂಟೆ ಬಾರಿಸಬೇಕು. ದಿಬ್ಬದ ಈಚೆ ಕಾಯುತ್ತಿರುವವರಿಗೆ ಅದೇ ಸೂಚನೆ. ಐದನೆಯ ಹೋಲಿನ ಹೆಸರು ಹಿಮಾಲಯಾಸ್! ಅಲ್ಲೂ ಗ್ರೀನ್ ಕಾಣುವುದಿಲ್ಲ, ದಿಬ್ಬದ ಮೇಲೆ ನೆಟ್ಟ ಬಣ್ಣದ ಗುರುತು ನೋಡಿ ಹೊಡೆಯಬೇಕು. ಸೇಂಟ್ ಆಂಡ್ರೂಸ್‌ನಲ್ಲೂ ಒಂದು ಹಿಮಾಲಯಾಸ್ ಇದೆ. ಅದು ಹೋಲ್ ಅಲ್ಲ, 1867ರಲ್ಲಿ ಹೆಂಗಸರು ಕಟ್ಟಿಕೊಂಡ ಪಟಿಂಗ್ ಕ್ಲಬ್ಬಿನ ಉಬ್ಬುತಗ್ಗಿನ ಅಂಗಳ. ಬರೀ ಪಟರ್ ಹಿಡಿದು ಉರುಳಿಸುವ ಆಟ. ಗಾಲ್ಫ್ ಬಾರದವರೂ, ಮಕ್ಕಳೂ ಸಣ್ಣ ಶುಲ್ಕ ಕೊಟ್ಟು ಆಡಬಹುದು. ಆಡದ ಸಂಗಾತಿಯನ್ನು ಕರೆದುಕೊಂಡು ಹೋಗುವವರು ಇದನ್ನು ಗುರುತು ಹಾಕಿಕೊಳ್ಳಿ.

ಟ್ರೂನ್‌ನಲ್ಲಿ ಜನ ನೋಡಲು ಬಯಸುವುದು ಎಂಟನೆಯ ಹೋಲ್. ಉದ್ದ ಬರೀ 123 ಗಜ. ಗ್ರೀನ್ ಎಷ್ಟು ಚಿಕ್ಕದೆಂದರೆ ಅದರ ಹೆಸರೇ ಅಂಚೆ ಚೀಟಿ, ಪೋಸ್ಟೇಜ್ ಸ್ಟ್ಯಾಂಪ್. ಸುತ್ತ ಐದು ಬಂಕರ್. 1973ರ ಓಪನ್‌ನಲ್ಲಿ 71 ವರ್ಷದ ಜೀನ್ ಸಾರಾಜೆನ್ ಇಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ತೂತಿಗೆ ಹಾಕಿದರು. 1950ರಲ್ಲಿ ಜರ್ಮನಿಯ ಒಬ್ಬ ಅಮೆಚೂರ್ ಆಟಗಾರನಿಗೆ ಅದೇ ಹೋಲಿಗೆ 15 ಹೊಡೆತ ಬೇಕಾಯಿತು. ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕೆ ಬಿದ್ದದ್ದು.

ದಕ್ಷಿಣಕ್ಕೆ ಇನ್ನಷ್ಟು ಹೋದರೆ ಟರ್ನ್‌ಬೆರಿ. ಬಿಳಿ ದೀಪಸ್ತಂಭ, ಆಚೆ ಸಮುದ್ರದ ನಡುವೆ ಎಲ್ಸಾ ಕ್ರೇಗ್ ಅನ್ನುವ ಗುಂಡು ಬಂಡೆ ದ್ವೀಪ. ಮಂಜುಗಡ್ಡೆಯ ಮೇಲೆ ಆಡುವ ಕರ್ಲಿಂಗ್‌ನ ಎಷ್ಟೋ ಕಲ್ಲುಗಳು ತಯಾರಾಗುವುದು ಆ ದ್ವೀಪದ ಗ್ರಾನೈಟ್‌ನಿಂದ. 1977ರಲ್ಲಿ ಟಾಮ್ ವಾಟ್ಸನ್ ಮತ್ತು ಜಾಕ್ ನಿಕ್ಲಾಸ್ ಕೊನೆಯ ಹೊಡೆತದವರೆಗೂ ಸೆಣಸಿದ್ದು ಇಲ್ಲೇ. ವಾಟ್ಸನ್ ಒಂದೇ ಹೊಡೆತದಿಂದ ಗೆದ್ದರು. ಟರ್ನ್‌ಬೆರಿಗೆ ರೈಲು ಇಲ್ಲ, ಕಾರು ಬೇಕು.

ಏರ್‌ಶೈರ್‌ನಲ್ಲಿ ಲಾಟರಿ ಇಲ್ಲ. ಇಲ್ಲಿನ ದೊಡ್ಡ ಹೆಸರುಗಳು ಹೆಚ್ಚಿನವು ಸದಸ್ಯರ ಖಾಸಗಿ ಕ್ಲಬ್‌ಗಳು. ಹೊರಗಿನವರಿಗೆ ಇಂತಿಂಥ ದಿನ, ಇಂತಿಷ್ಟು ಸಮಯ ಅಂತ ಗೊತ್ತು ಮಾಡಿರುತ್ತಾರೆ. ಮೊದಲೇ ಬರೆದು ಕೇಳಿ, ದುಡ್ಡು ಕಟ್ಟಿದರೆ ಜಾಗ ನಿಮ್ಮದು. ಆರು ತಿಂಗಳು ಮೊದಲೇ ಪೂರ್ತಿ ವೇಳಾಪಟ್ಟಿ ಕೈಯಲ್ಲಿರುತ್ತದೆ. ಯಾವ ದಿನ ಏನು ಅಂತ ಗೊತ್ತಿದ್ದರೇ ನಿದ್ದೆ ಬರುವವರಿಗೆ ಇದು ದೊಡ್ಡ ಸಮಾಧಾನ ಅಲ್ವಾ?

ನಗರಸಭೆ ಮಾದರಿಯಲ್ಲಿ ಸ್ಥಳೀಯ ಕೌನ್ಸಿಲ್ ನಡೆಸುವ ಕೋರ್ಸ್‌ಗಳೂ ಇವೆ. ಟ್ರೂನ್ ಊರಲ್ಲಿ ಡಾರ್ಲಿ, ದಕ್ಷಿಣದಲ್ಲಿ ಗರ್ವನ್. ಗರ್ವನ್‌ನ ಮೊದಲ ಎಂಟು ಹೋಲ್ ಸಮುದ್ರದ ಅಂಚಿನಲ್ಲೇ ಸಾಗುತ್ತವೆ. ಶುಲ್ಕ ದೊಡ್ಡ ಕ್ಲಬ್‌ಗಳ ಹತ್ತಿರಕ್ಕೂ ಬರುವುದಿಲ್ಲ.

## ಮಳೆ, ಮಂಜು, ಹಗಲು

ಸ್ಕಾಟ್ಲೆಂಡಿಗೆ ಗಾಳಿ ಹೆಚ್ಚಾಗಿ ನೈಋತ್ಯದಿಂದ, ಅಟ್ಲಾಂಟಿಕ್ ಸಾಗರದ ತೇವ ಹೊತ್ತು ಬರುತ್ತದೆ. ಮೊದಲು ಸಿಗುವುದು ಪಶ್ಚಿಮ ದಂಡೆ. ಗುಡ್ಡಗಳನ್ನು ದಾಟಿ ಪೂರ್ವಕ್ಕೆ ಬರುವ ಹೊತ್ತಿಗೆ ಮೋಡ ಅರ್ಧ ಹಗುರ. ಅಂದರೆ ಫೈಫ್ ಮಳೆ ನೆರಳಿನ ಸೀಮೆ. ವರ್ಷಕ್ಕೆ ಸೇಂಟ್ ಆಂಡ್ರೂಸ್ ಕಡೆ ಸುಮಾರು 700 ಮಿಲಿಮೀಟರ್ ಮಳೆ. ಪ್ರೆಸ್ಟ್‌ವಿಕ್ ಕಡೆ 1000ಕ್ಕೆ ಹತ್ತಿರ. ಆದರೆ ವ್ಯತ್ಯಾಸದ ಬಹುಪಾಲು ಶರತ್ಕಾಲ ಮತ್ತು ಚಳಿಗಾಲದ ಮಳೆ. ಏಪ್ರಿಲ್, ಮೇ ತಿಂಗಳಲ್ಲಿ ಏರ್‌ಶೈರ್ ಕೂಡ ಸಾಕಷ್ಟು ಒಣಗಿರುತ್ತದೆ.

ಪೂರ್ವಕ್ಕೆ ತನ್ನದೇ ತೊಂದರೆ ಇದೆ. ಅದಕ್ಕೆ ಹಾರ್ ಅನ್ನುತ್ತಾರೆ. ವಸಂತ, ಬೇಸಿಗೆಯಲ್ಲಿ ಬೆಚ್ಚಗಿನ ಗಾಳಿ ತಣ್ಣಗಿನ ಉತ್ತರ ಸಮುದ್ರದ ಮೇಲೆ ಹಾಯುವಾಗ ತೇವವೆಲ್ಲ ಮಂಜಾಗುತ್ತದೆ. ಬಿಸಿನೀರು ಬಿಟ್ಟಾಗ ಸ್ನಾನದ ಮನೆಯ ಕನ್ನಡಿ ಮಸುಕಾಗುವ ಹಾಗೆ. ಒಳನಾಡಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ದಂಡೆಯಲ್ಲಿ ಎದುರಿನ ಗ್ರೀನ್ ಮೇಲಿನ ಬಾವುಟ ಕಾಣುವುದಿಲ್ಲ. ಕೆಲವೊಮ್ಮೆ ಗಂಟೆಯಲ್ಲಿ ಹೋಗುತ್ತದೆ, ಕೆಲವೊಮ್ಮೆ ದಿನವಿಡೀ ಕೂರುತ್ತದೆ.

ಹಗಲು ಎರಡೂ ಕಡೆ ಧಾರಾಳ. ಜೂನ್ ಕೊನೆಯಲ್ಲಿ ಹದಿನೇಳು ಗಂಟೆಗೂ ಮಿಕ್ಕಿ ಬೆಳಕು. ರಾತ್ರಿ 9ಕ್ಕೂ ಆಡಬಹುದು. ಚಳಿಗಾಲದಲ್ಲಿ ಹೋಗುವವರಿಗೆ ಒಂದು ಮಾತು: ನವೆಂಬರ್‌ನಿಂದ ಮಾರ್ಚ್‌ವರೆಗೆ ಓಲ್ಡ್ ಕೋರ್ಸ್‌ನ ಫೇರ್‌ವೇಗಳಲ್ಲಿ ಹುಲ್ಲು ಉಳಿಸಲು ಸಣ್ಣ ಚಾಪೆಯ ತುಂಡಿನ ಮೇಲೆ ಚೆಂಡಿಟ್ಟು ಹೊಡೆಯಬೇಕು.

## ದುಡ್ಡು, ಓಡಾಟ

ಒಂದು ಸುತ್ತು ಆಡಲು ಕೊಡುವ ಶುಲ್ಕಕ್ಕೆ ಗ್ರೀನ್ ಫೀ ಅಂತ ಹೆಸರು. 2025ರ ಬೇಸಿಗೆಯಲ್ಲಿ ಓಲ್ಡ್ ಕೋರ್ಸ್‌ಗೆ ಅದು 340 ಪೌಂಡ್ ಇತ್ತು. ಟರ್ನ್‌ಬೆರಿಯ ಎಲ್ಸಾ ಕೋರ್ಸ್‌ನಲ್ಲಿ, ಅಲ್ಲಿನ ಹೋಟೆಲ್‌ನಲ್ಲಿ ತಂಗದವರಿಗೆ ಬೆಳಗಿನ ಹೊತ್ತಿನ ಶುಲ್ಕ ಅದೇ ವರ್ಷ 1000 ಪೌಂಡ್ ಮುಟ್ಟಿ ದೊಡ್ಡ ಸುದ್ದಿಯಾಯಿತು. ಬ್ಯಾಗ್ ಹೊತ್ತು, ದಾರಿ ಹೇಳಿಕೊಡುವ ಕ್ಯಾಡಿಯ ಖರ್ಚು ಬೇರೆ. ಕುರುಡು ಹೊಡೆತಗಳಿರುವ ಪ್ರೆಸ್ಟ್‌ವಿಕ್‌ನಲ್ಲಿ ಮೊದಲ ಸಲ ಆಡುವವರಿಗೆ ಕ್ಯಾಡಿಗೆ ಕೊಟ್ಟ ದುಡ್ಡು ದಂಡ ಅಲ್ಲ.

ಸೇಂಟ್ ಆಂಡ್ರೂಸ್‌ಗೆ ರೈಲು ಇಲ್ಲ. ಎಡಿನ್‌ಬರಾದಿಂದ ಸುಮಾರು ಒಂದು ಗಂಟೆಯಲ್ಲಿ ಲೂಕರ್ಸ್ ಸ್ಟೇಷನ್, ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತು. ಆದರೆ ಒಮ್ಮೆ ಊರು ಸೇರಿದರೆ ಗಾಡಿಯೇ ಬೇಡ. ಕೋರ್ಸ್, ಹೋಟೆಲ್, ಅಂಗಡಿ, 1413ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಸಮುದ್ರಕ್ಕೆ ಎದುರಾಗಿ ಪಾಳುಬಿದ್ದ ಕ್ಯಾಥೆಡ್ರಲ್ ಎಲ್ಲವೂ ನಡೆಯುವ ದೂರದಲ್ಲಿ. ಟಾಮ್ ಮಾರಿಸ್ ಅವರ ಸಮಾಧಿಯೂ ಆ ಕ್ಯಾಥೆಡ್ರಲ್ ಅಂಗಳದಲ್ಲೇ ಇದೆ. ಲೂಕರ್ಸ್‌ನಿಂದ ರೈಲು ಹತ್ತಿ ಟೇ ಸೇತುವೆ ದಾಟಿದರೆ ಡಂಡಿ, ಅಲ್ಲಿಂದ ಮುಂದೆ ಓಪನ್ ನಡೆಯುವ ಇನ್ನೊಂದು ಕೋರ್ಸ್ ಕಾರ್ನೂಸ್ಟಿ.

ಏರ್‌ಶೈರ್‌ನಲ್ಲಿ ಅಂಥ ಒಂದು ನಡುಮನೆ ಇಲ್ಲ. ಟ್ರೂನ್, ಪ್ರೆಸ್ಟ್‌ವಿಕ್, ಏರ್ ಎಲ್ಲ ಬೇರೆ ಬೇರೆ ಊರು. ಯಾವುದಾದರೂ ಒಂದರಲ್ಲಿ ಕೋಣೆ ಹಿಡಿದು ರೈಲಿನಲ್ಲಿ ಓಡಾಡಬಹುದು. ಆಡದವರಿಗೆ ಬಂಡೆಯ ತುದಿಯ ಕಲೇನ್ ಕೋಟೆ, ಕವಿ ರಾಬರ್ಟ್ ಬರ್ನ್ಸ್ 1759ರಲ್ಲಿ ಹುಟ್ಟಿದ ಅಲೋವೆಯ ಗುಡಿಸಲು ಇದೆ.

## ಹಾಗಾದರೆ ಯಾರಿಗೆ ಯಾವುದು?

ಜೀವನದಲ್ಲಿ ಒಮ್ಮೆ ಓಲ್ಡ್ ಕೋರ್ಸ್‌ನಲ್ಲಿ ಕಾಲಿಡಲೇಬೇಕು ಅನ್ನುವವರು ಬೇರೆ ಲೆಕ್ಕ ಹಾಕಬೇಡಿ. ಫೈಫ್‌ಗೆ ಹೋಗಿ. ಆದರೆ ಐದಾರು ದಿನ ಇಟ್ಟುಕೊಂಡು ಹೋಗಿ. ಸೋಮವಾರದ ಆಟಕ್ಕೆ ಶನಿವಾರವೇ ಬ್ಯಾಲೆಟ್ ಹಾಕಬೇಕು ಅನ್ನುವುದು ನೆನಪಿರಲಿ. ಓಪನ್ ಹತ್ತಿರ ಬಂದಂತೆ ಓಲ್ಡ್ ಕೋರ್ಸ್ ಹೊರಗಿನವರಿಗೆ ಮುಚ್ಚುತ್ತದೆ. ಹಾಗಾಗಿ 2027ರ ಬೇಸಿಗೆಗೆ ಟಿಕೆಟ್ ತೆಗೆಯುವ ಮುಂಚೆ ಟ್ರಸ್ಟಿನ ದಿನಪಟ್ಟಿ ನೋಡಿ.

ನಾಲ್ಕೇ ದಿನ ಇದೆ, ಎಂಟು ಜನ ಗೆಳೆಯರು ಒಟ್ಟಿಗೆ ಹೊರಟಿದ್ದಾರೆ, ಎಲ್ಲರೂ ಒಂದೇ ಹೊತ್ತಿಗೆ ಆಡಬೇಕು ಅಂದರೆ ನಾನು ಹೇಳುವುದು ಏರ್‌ಶೈರ್. ಬ್ಯಾಲೆಟ್‌ನಲ್ಲಿ ಒಂದು ಹೆಸರು ಕೊಟ್ಟರೆ ನಾಲ್ವರಿಗೆ ಮಾತ್ರ ಜಾಗ. ಎಂಟು ಜನ ಅಂದರೆ ಎರಡು ಗುಂಪು. ಅರ್ಧ ಜನರಿಗೆ ಸಿಕ್ಕಿ ಅರ್ಧ ಜನರಿಗೆ ಸಿಗದಿದ್ದರೆ ಆ ಸಂಜೆಯ ಊಟದ ಮೇಜು ಹೇಗಿರುತ್ತೆ ಅಂತ ಯೋಚಿಸಿ. ಪಶ್ಚಿಮದಲ್ಲಿ ಆ ಚಿಂತೆ ಇಲ್ಲ.

ಹೊಸದಾಗಿ ಕಲಿತವರು, ಹ್ಯಾಂಡಿಕ್ಯಾಪ್ ಕಾಗದ ಇಲ್ಲದವರು ಎರಡೂ ಕಡೆ ಸಣ್ಣ ಕೋರ್ಸ್‌ಗಳನ್ನು ನೋಡಿ. ಫೈಫ್‌ನಲ್ಲಿ ಬಾಲ್ಗೋವ್ ಇರುವುದೇ ಮಕ್ಕಳಿಗೆ, ಹೊಸಬರಿಗೆ. ಏರ್‌ಶೈರ್ ಕಡೆಯಿಂದ ಹಡಗಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಅರಾನ್ ದ್ವೀಪ. ಅದರ ಆಚೆ ಬದಿಯ ಶಿಸ್ಕಿನ್‌ನಲ್ಲಿ ಇವತ್ತಿಗೂ 12 ಹೋಲಿನ ಕೋರ್ಸ್ ಇದೆ, ಮೊದಲ ಓಪನ್‌ನಲ್ಲಿ ಪ್ರೆಸ್ಟ್‌ವಿಕ್ ಇದ್ದ ಹಾಗೆ. ಬೆಳಗಿನ ಹಡಗಿಗೆ ಹೋಗಿ, ಹನ್ನೆರಡು ಹೋಲ್ ಆಡಿ, ಸಂಜೆಯ ಹಡಗಿಗೆ ವಾಪಸ್ ಬರಬಹುದು. ಗಾಳಿ ಜೋರಾದ ದಿನ ಹಡಗು ನಿಲ್ಲುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.